ಮಿಡತೆ ಹತೋಟಿ ಮತ್ತು ನಮ್ಮ ಅತ್ತಿಗೆ

ನಮ್ಮ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಬಾಯಿ ಸತ್ತ ಹೆಂಗಸು. ಮಾರ್ಕೆಟ್ಟಿನಲ್ಲಿ ಕೊಳೆತ ಟೊಮೆಟೊ ಕೊಟ್ಟರೂ ಚೀಲ ಹಿಡಿದು ಹಾಕಿಸಿಕೊಂಡು ಬರುತ್ತಾರೆ. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ತಾವೇ 'ಪರವಾಗಿಲ್ಲ' ಅಂದು ಕಾಲು ಎಳೆದುಕೊಳ್ಳುತ್ತಾರೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ, ಎಂದರೆ ನಮ್ಮ ಮನೆಗೆ ಬಂದರು. ಕೂತು ತಿನ್ನುವ ಜಾತಿಯಲ್ಲ, ಬಂದ ಕೆಲವೇ ದಿನಕ್ಕೆ ಕೀಟ ಹತೋಟಿ ಇಲಾಖೆಯ ಆಫೀಸಿನಲ್ಲಿ ಕಸ ಗುಡಿಸುವ ಕೆಲಸ ಹಿಡಿದರು. ನನ್ನ ಟೀ ಅಂಗಡಿ ಆ ಆಫೀಸಿನ ಗೇಟಿನ ಎದುರಿಗೇ ಇದೆ. ಅಲ್ಲಿ ಸೊಳ್ಳೆ ಕೂತರೂ ನನಗೆ ಗೊತ್ತಾಗುತ್ತದೆ. ಹಾಗಾಗಿ ಈಗ ಹೇಳುವುದೆಲ್ಲ ಕಣ್ಣಾರೆ ಕಂಡದ್ದು.

ಆಫೀಸಿನ ಹಿಂಬದಿಯಿಂದ ಹುಲ್ಲುಗಾವಲು ಶುರುವಾಗುತ್ತದೆ. ಪ್ರತಿ ವರ್ಷ ಹುಲ್ಲು ಚಿಗುರುವ ಹೊತ್ತಿಗೆ ಸರಿಯಾಗಿ ಮಿಡತೆ ಬೀಳುತ್ತದೆ, ಕುರಿಗಳು ಬಾಯಿ ಹಾಕುವ ಮೊದಲೇ ನೆಲ ಬೋಳು. ಸರ್ಕಾರವೇನೂ ಕೈಕಟ್ಟಿ ಕೂತಿರಲಿಲ್ಲ. ಮೊದಲು ಔಷಧಿ ಹೊಡೆಸಿತು. ಮಿಡತೆಗಳು ಎದ್ದು ಪಕ್ಕಕ್ಕೆ ಹೋಗಿ ಕೂತವು, ಕುರಿಗಳಿಗೆ ಭೇದಿ ಹತ್ತಿತು. ಆಮೇಲೆ ವಿಷ ಬೆರೆಸಿದ ತೌಡು ಚೆಲ್ಲಿಸಿತು. ಕಾಗೆಗಳು ಸತ್ತವು. ಅದಾದ ಮೇಲೆ ಒಂದು ವರ್ಷ ಪೂರ್ತಿ ಅಧ್ಯಯನ ಮಾಡಿಸಿತು. ಆ ವರ್ಷ ಮಾತ್ರ ಏನೂ ಸಾಯಲಿಲ್ಲ.

ಆಗ ಹೊಸ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಮೃದು ಮಾತು, ತರಬೇತಿಯಿಂದ ತಂದ ಒಂದು ಯೋಜನೆ. ಬಾತುಕೋಳಿಗಳನ್ನು ಸಾಕುವುದು, ಹುಲ್ಲುಗಾವಲಿಗೆ ಬಿಡುವುದು, ಅವು ಮಿಡತೆ ತಿನ್ನುವುದು. ಕುರಿಯವರು ಅವತ್ತು ನನ್ನ ಅಂಗಡಿಯಲ್ಲಿ ನಕ್ಕ ನಗೆಗೆ ಎರಡು ಲೋಟ ಒಡೆದವು.

ಮರಿಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬಂದವು, ಹಿಂದಿನ ದಿನವಷ್ಟೇ ಮೊಟ್ಟೆ ಒಡೆದು ಹೊರಬಂದಂಥವು, ಒಟ್ಟು ನೂರು ಚಿಲ್ಲರೆ. ಪೆಟ್ಟಿಗೆ ಗಬ್ಬು ನಾರುತ್ತಿತ್ತು. ಗುಮಾಸ್ತ ಮೂಗು ಮುಚ್ಚಿಕೊಂಡು ಅತ್ತಿಗೆಯನ್ನು ಕರೆದ. ಅತ್ತಿಗೆ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಅಷ್ಟೇ ಅವರು ಮಾಡಿದ್ದು. ಅವತ್ತಿನಿಂದ ಅವರು ಹೋದಲ್ಲೆಲ್ಲ ಮರಿಗಳು ಸಾಲು ಹಿಡಿದು ಹಿಂದೆ. ಗುಡಿಸಲು ಹೋದರೆ ಹಿಂದೆ, ನೀರು ತರಲು ಹೋದರೆ ಹಿಂದೆ, ಕಕ್ಕಸಿನ ಬಾಗಿಲು ಹಾಕಿಕೊಂಡರೆ ಹೊರಗೆ ಕಾದು ಕೂತು ಕಿರುಚಾಟ.

"ಬಾತುಮರಿ ಮೊಟ್ಟೆಯಿಂದ ಬಂದ್ಮೇಲೆ ಮೊದಲು ಯಾರ ಮುಖ ನೋಡುತ್ತೋ ಅವರನ್ನೇ ತಾಯಿ ಅನ್ಕೊಳ್ಳುತ್ತೆ," ಎಂದು ಸಾಹೇಬರು ನನ್ನ ಅಂಗಡಿಯಲ್ಲಿ ಟೀ ಕುಡಿಯುತ್ತ ಹೇಳಿದರು. "ಆಮೇಲೆ ಏನ್ ಮಾಡಿದ್ರೂ ಬದಲಾಗಲ್ಲ. ಸಾಯೋವರೆಗೂ ಹಂಗೇ."

ಅತ್ತಿಗೆ ಅಲ್ಲೇ ಗೇಟಿನ ಬಳಿ ಗುಡಿಸುತ್ತಿದ್ದರು. ತಲೆ ಎತ್ತಲಿಲ್ಲ, ಆದರೆ ಪೊರಕೆ ಒಂದು ಗಳಿಗೆ ನಿಂತಿತು.

ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡದವರು ಬಾತುಗಳ ಜೊತೆ ಬೆಳಗಿನಿಂದ ಸಂಜೆವರೆಗೆ ವಟವಟ ಅನ್ನತೊಡಗಿದರು. ಒಂದು ಮರಿಗೆ ಒಂದು ಕಾಲು ಸೊಟ್ಟ. ಅದು ಯಾವಾಗಲೂ ಸಾಲಿನ ಕೊನೆಯಲ್ಲಿ. "ಕುಂಟಾ, ಬಾರೋ, ನಿಧಾನಕ್ಕೆ ಬಾ," ಎಂದು ಅತ್ತಿಗೆ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನಿಲ್ಲುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಅದಕ್ಕೇ ಹೀಗೆ ಅಂತ ಗುಮಾಸ್ತ ಹಲ್ಲು ಕಿಸಿದ. ಅವತ್ತು ಅವನಿಗೆ ಕೊಟ್ಟ ಟೀಗೆ ನಾನು ಸಕ್ಕರೆ ಹಾಕಲಿಲ್ಲ. ಆದರೆ ನನಗೂ ಸ್ವಲ್ಪ ಹೊಟ್ಟೆ ಉರಿಯಿತು ಅನ್ನುವುದನ್ನು ಹೇಳಿಬಿಡುತ್ತೇನೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತ ನನ್ನ ಜೊತೆ ಆಡದ ಮಾತನ್ನು ಕುಂಟ ಬಾತಿನ ಜೊತೆ ಆಡುತ್ತಾರಲ್ಲ ಅಂತ.

ಬಾತುಗಳು ಬೆಳೆದವು. ಯೋಜನೆಯ ಉದ್ಘಾಟನೆಗೆ ಶಾಮಿಯಾನ ಹಾಕಿ, ಮೈಕು ಕಟ್ಟಿ, ದೊಡ್ಡವರನ್ನು ಕರೆದರು. ರಿಬ್ಬನ್ ಕತ್ತರಿಸಿ ಬಾತುಗಳನ್ನು ಹುಲ್ಲುಗಾವಲಿನ ಕಡೆ ಬಿಟ್ಟರು. ಅವು ಹುಲ್ಲುಗಾವಲು ನೋಡಿದವು, ತಿರುಗಿದವು, ದೊಡ್ಡವರ ಕಾಲ ಸಂದಿಯಲ್ಲಿ ತೂರಿಕೊಂಡು ಶಾಮಿಯಾನದ ಹಿಂದೆ ಲೋಟ ತೊಳೆಯುತ್ತಿದ್ದ ಅತ್ತಿಗೆಯ ಹತ್ತಿರ ಹೋಗಿ ನಿಂತವು.

ಸಾಹೇಬರು ಬೆವರು ಒರೆಸಿಕೊಂಡು ಹತ್ತಿರ ಬಂದರು. "ಅಮ್ಮಾ, ನೀವೇ ಸ್ವಲ್ಪ ಆ ಕಡೆ ನಡೀರಿ."

"ಲೋಟ ಸಾರ್..."

"ಲೋಟ ಇರ್ಲಿ."

ಅತ್ತಿಗೆ ನಡೆದರು. ಹೆಜ್ಜೆಗೊಂದು ಹಿಡಿ ಮಿಡತೆ ಕಾಲ ಬುಡದಿಂದ ಚಿಮ್ಮಿದವು. ಹಿಂದೆ ಬಂದ ಬಾತುಗಳು ಚಿಮ್ಮಿದ್ದನ್ನು ಚಿಮ್ಮಿದಲ್ಲೇ ಹಿಡಿದು ನುಂಗಿದವು. ಅಲ್ಲಿಂದ ಅದೇ ಯೋಜನೆ ಆಯಿತು. ಇಲಾಖೆಯ ಭಾಷೆಯಲ್ಲಿ ಜೈವಿಕ ವಿಧಾನ, ಕನ್ನಡದಲ್ಲಿ ನಮ್ಮ ಅತ್ತಿಗೆ ಬೆಳಿಗ್ಗೆ ಸಂಜೆ ಹುಲ್ಲುಗಾವಲಿನ ಉದ್ದಗಲಕ್ಕೆ ಓಡಾಡುವುದು. ಜನ ಬಾತಕ್ಕ ಅಂತ ಕರೆದರು. ಮೊದಮೊದಲು ನಗುತ್ತಿದ್ದ ಕುರಿಯವರು, ಹುಲ್ಲು ಮೊಣಕಾಲು ಮುಟ್ಟಿದ ಮೇಲೆ ನಗು ನಿಲ್ಲಿಸಿ, 'ಬಾತಕ್ಕ, ನಾಳೆ ನಮ್ಮ ಕಡೆ ಬನ್ನಿ' ಅಂತ ದುಂಬಾಲು ಬಿದ್ದರು.

ಆ ವರ್ಷ ಮಿಡತೆ ಮುಗಿಯಿತು. ಮುಗಿದದ್ದೇ ತಪ್ಪಾಯಿತು. ಮಿಡತೆ ಹತೋಟಿಗೆ ಬಂದಿದೆ ಎಂದು ಸಾಹೇಬರು ವರದಿ ಕಳಿಸಿದರು. ಹಾಗಾದರೆ ಉಳಿದ ಸಾಮಾನು ವಿಲೇವಾರಿ ಮಾಡಿ ಎಂದು ಮೇಲಿನಿಂದ ಆದೇಶ ಬಂತು. ಸಾಮಾನು ಅಂದರೆ ಎರಡು ಏಣಿ, ತುಕ್ಕು ಹಿಡಿದ ಔಷಧಿ ಡಬ್ಬ, ಬಕೆಟ್ಟುಗಳು ಮತ್ತು ಬಾತುಕೋಳಿಗಳು. ಹರಾಜಿನಲ್ಲಿ ಮಾಂಸದಂಗಡಿಯವನೊಬ್ಬ ಎಲ್ಲ ಬಾತುಗಳನ್ನೂ ಒಟ್ಟಿಗೇ ಹಿಡಿದ. ಕುಂಟನನ್ನಾದರೂ ಬಿಡಿಸಿಕೊಳ್ಳೋಣ ಅಂತ ನನ್ನ ಗಂಡ ಹೋಗಿ ಕೇಳಿದರು. ಬಿಡಿಬಿಡಿಯಾಗಿ ಕೊಡಲು ಬರುವುದಿಲ್ಲ ಅಂದರು ಆಫೀಸಿನವರು.

ಅತ್ತಿಗೆ ಸಾಹೇಬರನ್ನು ಒಂದೇ ಒಂದು ಸಲ ಕೇಳಿದರು. "ಮುಂದಿನ ವರ್ಷ ಮತ್ತೆ ಮಿಡತೆ ಬರುತ್ತಲ್ಲ ಸಾರ್?"

"ಬಂದಾಗ ಹೊಸ ಮರಿ ತರ್ಸೋಣಮ್ಮ. ಮಿಡತೆ ಇಲ್ದೆ ಬಾತುಕೋಳಿ ಇಟ್ಕೊಳ್ಳೋಕೆ ರೂಲ್ಸ್ ಇಲ್ಲ."

ಕೆಟ್ಟವರಲ್ಲ ಸಾಹೇಬರು. ರೂಲ್ಸ್ ಇದ್ದಿದ್ದರೆ ಖಂಡಿತ ಇಟ್ಟುಕೊಳ್ಳುತ್ತಿದ್ದರು.

ಲಾರಿ ಬಂದ ದಿನ ನಾನು ಅಂಗಡಿಗೆ ಬಾಗಿಲು ಹಾಕಿ ಹೋಗಿ ನಿಂತೆ. ಲಾರಿಯ ಹಿಂಬದಿಗೆ ಹಲಗೆ ಇಟ್ಟರು. ಬಾತುಗಳು ಹತ್ತಲಿಲ್ಲ. ಹಿಡಿಯಲು ಹೋದವರನ್ನೆಲ್ಲ ಅಂಗಳ ತುಂಬ ಓಡಾಡಿಸಿ ಸುಸ್ತು ಮಾಡಿದವು. ಮಾಂಸದಂಗಡಿಯವನು ಕೆಸರಲ್ಲಿ ಜಾರಿ ಕೂತ. ಗುಮಾಸ್ತನ ಕನ್ನಡಕ ಬಿತ್ತು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅಷ್ಟರಲ್ಲಿ ಸಾಹೇಬರು ಅತ್ತಿಗೆಯ ಕಡೆ ತಿರುಗಿದರು.

"ಏನೂ ಇಲ್ಲಮ್ಮ. ಒಂದ್ಸಲ ಹತ್ತಿ ಇಳೀರಿ. ಅವು ಹಿಂದೇನೇ ಬರ್ತಾವೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಅತ್ತಿಗೆ, ಬನ್ನಿ ಈಚೆ," ಅಂದೆ. ಅತ್ತಿಗೆ ನನ್ನ ಮುಖ ನೋಡಿದರು. ಸಾಹೇಬರ ಮುಖ ನೋಡಿದರು. ಜೀವಮಾನದಲ್ಲಿ ಯಾರಿಗೂ ಆಗಲ್ಲ ಅಂದವರಲ್ಲ. ಹಲಗೆ ಹತ್ತಿದರು.

ಬಾತುಗಳು ಒಂದರ ಹಿಂದೆ ಒಂದು, ಮಾತಿಲ್ಲದೆ ಹತ್ತಿದವು. ಕುಂಟ ಹಲಗೆಯ ಮೇಲೆ ಜಾರಿದ. ಅತ್ತಿಗೆ ಮೇಲೆ ನಿಂತು ಕಾದರು. ಅವನು ಮತ್ತೆ ಜಾರಿದ. "ಬಾರೋ, ನಿಧಾನಕ್ಕೆ ಬಾ," ಅಂದರು. ಅವನು ಬಂದ. ಡ್ರೈವರು ಹಿಂಬಾಗಿಲು ಹಾಕಿ, ಅತ್ತಿಗೆಯನ್ನು ಪಕ್ಕದಿಂದ ಕೈಹಿಡಿದು ಇಳಿಸಿದ. "ನಿಮ್ಮಿಂದ ತುಂಬಾ ಅನುಕೂಲ ಆಯ್ತಮ್ಮ," ಎಂದರು ಸಾಹೇಬರು.

ಅವತ್ತು ಅತ್ತಿಗೆ ಅಳಲಿಲ್ಲ. ಅತ್ತದ್ದು ನಾನು. ಅಳದಿದ್ದುದಕ್ಕೆ ಅವರ ಮೇಲೆ ಸಿಟ್ಟೂ ಬಂತು.

ಮುಂದಿನ ವರ್ಷ ಮಿಡತೆಗಳು ಹೇಳಿಟ್ಟ ಹಾಗೆ ಬಂದವು. ಹೊಸ ಮರಿಗಳೂ ಬಂದವು. ಗುಮಾಸ್ತ ರಜೆಯ ಮೇಲಿದ್ದ. ಅತ್ತಿಗೆ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಸಾಹೇಬರ ಕೋಣೆಯಲ್ಲಿ, ಮೇಜಿನ ಪಕ್ಕದಲ್ಲಿ ಇಟ್ಟರು. ನಾನು ಟೀ ಕೊಡಲು ಹೋಗಿದ್ದೆ.

"ಬಿಚ್ಚಿಬಿಡಿ," ಅಂದರು ಸಾಹೇಬರು, ಫೈಲಿನಿಂದ ತಲೆ ಎತ್ತದೆ.

"ಕೈ ನೋವು ಸಾರ್. ನೀವೇ ತೆಗೀರಿ."

ಹಾಗೆಂದವರು ತಲೆಗೆ ಕಟ್ಟಿದ ಬಟ್ಟೆಯನ್ನು ಮುಖದ ಮೇಲಕ್ಕೆ ಎಳೆದುಕೊಂಡು ಬಾಗಿಲಾಚೆ ಹೋಗಿ ನಿಂತರು. ನನಗೆ ತಟ್ಟನೆ ಅರ್ಥವಾಯಿತು. ಟೀ ಮೇಜಿನ ಮೇಲಿಟ್ಟು ಕಾಲಿಗೆ ಬುದ್ಧಿ ಹೇಳಿದೆ. ತಾಯಿತನದ ವಿಷಯ ಊರಿಗೆಲ್ಲ ತಿಳಿಹೇಳಿದ ಸಾಹೇಬರು, ಫೈಲಿನ ಗಡಿಬಿಡಿಯಲ್ಲಿ ಅದನ್ನು ಮರೆತು, ಮುಚ್ಚಳ ತೆಗೆದು, ಬಗ್ಗಿ ನೋಡಿದರು.

ಆ ವರ್ಷ ಹುಲ್ಲುಗಾವಲಿನಲ್ಲಿ ಸಾಹೇಬರು ನಡೆದರು. ಇಸ್ತ್ರಿ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೀಟಿಂಗಿಗೆ ಕೂತರೆ ಬಾಗಿಲಲ್ಲಿ ನೂರು ಬಾತುಗಳ ಗಲಾಟೆ. ಮನೆಗೆ ಹೊರಟರೆ ಗೇಟಿನವರೆಗೆ ಮೆರವಣಿಗೆ. ಅವರ ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದರಂತೆ. ಮೊದಲು "ಏಯ್, ಹೋಗ್ರೋ" ಅಂತಿದ್ದ ಸಾಹೇಬರು ಆಮೇಲೆ ಸುಮ್ಮನಾದರು. ಆಮೇಲೆ ಮಾತಾಡತೊಡಗಿದರು. ಒಂದು ಬೊಜ್ಜಿನ ಬಾತಿಗೆ ಮೇಲಧಿಕಾರಿಯ ಹೆಸರಿಟ್ಟಿದ್ದಾರೆ ಅಂತ ಕುರಿಯವರು ಹೇಳಿದರು. ನಾನು ಕೇಳಲಿಲ್ಲ, ಸಾಹೇಬರು ಒಪ್ಪಿಕೊಳ್ಳಲೂ ಇಲ್ಲ.

ಅತ್ತಿಗೆ ಮಾತ್ರ ಆ ಬಾತುಗಳ ಹತ್ತಿರ ಸುಳಿಯಲಿಲ್ಲ. ನೀರಿನ ಬಕೆಟ್ಟು ಇಟ್ಟು ತಿರುಗಿ ನೋಡದೆ ಬಂದುಬಿಡುತ್ತಿದ್ದರು.

ಮಿಡತೆ ಮುಗಿಯಿತು, ಆದೇಶ ಬಂತು, ಹರಾಜಾಯಿತು. ಅದೇ ಮಾಂಸದಂಗಡಿಯವನು, ಅದೇ ಲಾರಿ, ಅದೇ ಹಲಗೆ. ಬಾತುಗಳು ಸಾಹೇಬರ ಕಾಲ ಸುತ್ತ ನಿಂತಿದ್ದವು. ಈ ಸಲ ಯಾರೂ ಹಿಡಿಯಲು ಓಡಲಿಲ್ಲ. ಡ್ರೈವರು ಸಾಹೇಬರನ್ನು ನೋಡಿದ. ಸಾಹೇಬರು ಅತ್ತಿಗೆಯನ್ನು ನೋಡಿದರು. ಅತ್ತಿಗೆ ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದರು.

"ಏನೂ ಇಲ್ಲ ಸಾರ್," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗಿತ್ತು. "ಒಂದ್ಸಲ ಹತ್ತಿ ಇಳೀರಿ. ಅವು ಹಿಂದೇನೇ ಬರ್ತಾವೆ."

ಸಾಹೇಬರು ಹಲಗೆಯ ಮೇಲೆ ಒಂದು ಕಾಲಿಟ್ಟರು. ಹಿಂದೆ ಬಾತುಗಳು ಗದ್ದಲ ನಿಲ್ಲಿಸಿ ಸಾಲಾಗಿ ನಿಂತವು. ಅವರು ಒಂದು ಸಲ ಹಿಂದೆ ನೋಡಿದರು. ಕಾಲು ಕೆಳಗಿಳಿಸಿದರು.

"ಲಾರಿ ವಾಪಸ್ ತಗೊಂಡ್ ಹೋಗಿ. ಮಿಡತೆ ಇನ್ನೂ ಇದೆ."

ಮಾಂಸದಂಗಡಿಯವನು ಹುಲ್ಲುಗಾವಲಿನ ಕಡೆ ಕಣ್ಣು ಹಾಯಿಸಿದ. ದಿಗಂತದವರೆಗೆ ಹಸಿರು. "ಎಲ್ಲಿದೆ ಸಾರ್?"

"ಇದೆ ಅಂದೆನಲ್ಲ."

ಈಗಲೂ ವರದಿಯಲ್ಲಿ ಅದೇ ಇದೆ. ಮಿಡತೆ ಪೂರ್ತಿ ಹತೋಟಿಗೆ ಬಂದಿಲ್ಲ, ಬಾತುಗಳ ಅಗತ್ಯ ಮುಂದುವರಿದಿದೆ. ಸಾಹೇಬರಿಗೆ ವರ್ಗವಾಗಬೇಕಿತ್ತು, ಅದನ್ನೂ ಯಾರ್‍ಯಾರ ಕಾಲೋ ಹಿಡಿದು ತಪ್ಪಿಸಿಕೊಂಡರಂತೆ.

ಲಾರಿ ಖಾಲಿ ಹೋದ ಆ ಸಂಜೆ ಅತ್ತಿಗೆ, ನಾನು ಒಟ್ಟಿಗೆ ಮನೆಗೆ ಹೊರಟೆವು. ಅವರ ಜೊತೆ ನಡೆಯುವುದೆಂದರೆ ನನಗೆ ತಲೆನೋವು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು. 'ಬೇಗ ಬೇಗ ನಡೀರಿ ಅತ್ತಿಗೆ, ಒಲೆ ಹಚ್ಚಬೇಕು' ಅಂತ ಒಂದು ವರ್ಷದಿಂದ ದಿನಾ ಗೊಣಗಿದ್ದೆ. ಅವತ್ತು ಗೊಣಗಲಿಲ್ಲ. ತಿರುವಿನಲ್ಲಿ ಅವರು ನಿಂತು ಹಿಂದೆ ನೋಡಿದರು. ಖಾಲಿ ರಸ್ತೆ. ಕುಂಟುತ್ತ ಬರುವ ಒಂದು ಬಾತು ನಮ್ಮನ್ನು ಮುಟ್ಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವರು ನಿಂತರು. ಅವರ ಪಕ್ಕದಲ್ಲಿ ನಾನೂ ನಿಂತೆ.