ಮಡಿ ಟ್ರಂಕಿನೊಳಗಿನ ಚಾವಿ

ಮಧುಕರರಾಯರು ದೇಹೂ ರೋಡಿನ ಸೈನ್ಯದ ಉಗ್ರಾಣವೊಂದರಲ್ಲಿ ನೌಕರಿಗಿದ್ದರು ಎಂದರೆ ಜನ ಅವರನ್ನು ತೋಪು ಬಂದೂಕಿನ ಮನುಷ್ಯ ಎಂದುಕೊಳ್ಳುತ್ತಾರೆ. ಅವರೂ ಅದನ್ನು ತಿದ್ದಲು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಅವರು ನೌಕರಿಯುದ್ದಕ್ಕೂ ಕಾಯ್ದದ್ದು ಚಾವಿಗಳನ್ನು. ಸಂಜೆಗೆ ಎಲ್ಲ ಗೋದಾಮುಗಳ ಚಾವಿಗಳು ಅವರ ಕೋಣೆಗೆ ಬರುತ್ತಿದ್ದವು, ಬೆಳಿಗ್ಗೆ ಹೋಗುತ್ತಿದ್ದವು. ಪ್ರತಿ ಬೀಗಕ್ಕೂ ಎರಡನೆಯ ಚಾವಿಯೊಂದು ಇರುತ್ತಿತ್ತು. ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಬಾಯಿ ಹೊಲಿದು, ಹೊಲಿಗೆಯ ಮೇಲೆ ಅರಗು ಸುರಿದು ಹಿತ್ತಾಳೆಯ ಮುದ್ರೆ ಒತ್ತಿಡಬೇಕು. ಆ ಮುದ್ರೆ ಒಡೆಯಬೇಕಾದರೆ ನಿಜವಾದ ಸಂಕಟ ಬಂದಿರಬೇಕು, ಪಕ್ಕದಲ್ಲಿ ಇನ್ನೊಬ್ಬರು ಸಾಕ್ಷಿ ನಿಂತಿರಬೇಕು. ಚಾವಿ ಕಾಯುವವನು ಬೇರೆ, ಬಾಗಿಲು ತೆಗೆಯುವವನು ಬೇರೆ. ಕೆಲವು ಗೋದಾಮುಗಳ ಒಳಗೆ ಏನಿದೆಯೆಂದು ಅವರು ನಿವೃತ್ತರಾಗುವತನಕ ನೋಡಲಿಲ್ಲ, ನೋಡಬೇಕು ಅನ್ನಿಸಲೂ ಇಲ್ಲವಂತೆ. ಇದನ್ನು ಅವರು ಹೆಮ್ಮೆಯಿಂದ ಹೇಳುತ್ತಾರೆ. ಇದರಲ್ಲಿ ಹೆಮ್ಮೆ ಪಡುವಂಥದ್ದೇನಿದೆ ಎಂದು ಕೇಳುವವರಿಗೆ ತಿಳಿಯುವುದಿಲ್ಲ.

ನಿವೃತ್ತಿಯ ಮೇಲೆ ಅವರು ತಳೇಗಾಂವ ದಾಭಾಡೆಯಲ್ಲಿ ಒಂದು ಫ್ಲ್ಯಾಟು ಮಾಡಿಕೊಂಡು ಹೆಂಡತಿ ಕೃಷ್ಣಾಬಾಯಿ ಮತ್ತು ಮಗಳು ಶರ್ವರಿಯ ಜೊತೆ ಇದ್ದಾರೆ. ಶರ್ವರಿಗೆ ಹಿಂಜವಾಡಿಯಲ್ಲಿ ಕೆಲಸ. ಅವಳು ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ಯಾಕೆಂದರೆ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಸ್ವಂತ ಕಾರು ನಡೆಸುವ ಹುಚ್ಚು ಅವಳಿಗಿಲ್ಲ. ಹಾಗಿದ್ದೂ ಕರೆಂಟಿನ ಕಾರೊಂದನ್ನು ಕೊಂಡಳು. ಅದು ವಾರವೆಲ್ಲ ಕೆಳಗಿನ ಪಾರ್ಕಿಂಗಿನಲ್ಲಿ ನಿಂತಿರುತ್ತಿತ್ತು, ಅಂದರೆ ಅಪ್ಪನ ಪಾಲಿಗೆ ಬಂತು.

ಕಾರಿಗೆ ಫೋನೇ ಚಾವಿ. ಫೋನು ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಶರ್ವರಿ ತನ್ನ ಫೋನಿನಿಂದ ಅಪ್ಪನ ಫೋನಿಗೂ ಒಂದು ಚಾವಿ ಕಳಿಸಿಕೊಟ್ಟಳು. ಕಾರಿನ ಕಂಪನಿಯವರು ಇವೆಲ್ಲದರ ಜೊತೆಗೆ ಕೈಯಲ್ಲಿ ಹಿಡಿಯುವಂಥ ಒಂದು ರಿಮೋಟ್ ಚಾವಿಯನ್ನೂ ಕೊಟ್ಟಿದ್ದರು. ಅದನ್ನು ಕಂಡಾಗ ರಾಯರ ಮುಖ ಅರಳಿತು.

"ಇದು ಚಾವಿ. ಅದು ಬರೇ ಆಟಿಗಿ ಸಾಮಾನು. ಚಾರ್ಜ್ ಮಾಡಬೇಕಾಗೋ ವಸ್ತುಕ್ಕ ಚಾವಿ ಅನ್ನಬಾರ್ದು" ಎಂದರು.

"ಅಪ್ಪಾ, ಇದರಾಗೂ ಸೆಲ್ ಇರ್ತದ" ಎಂದಳು ಶರ್ವರಿ.

ರಾಯರು ಅದನ್ನು ಕೇಳಿಸಿಕೊಳ್ಳಲಿಲ್ಲ. ರಿಮೋಟ್ ಚಾವಿಯನ್ನು ಹಳೆಯ ಧೋತರದ ತುಂಡಿನಲ್ಲಿ ಹೊಲಿದು, ಪೇಟೆಯಿಂದ ಅರಗು ತರಿಸಿ, ಮುದ್ರೆಯಿಲ್ಲದ್ದಕ್ಕೆ ತಮ್ಮ ಉಂಗುರವನ್ನೇ ಒತ್ತಿದರು. ಆಮೇಲೆ ಅದನ್ನು ಕೃಷ್ಣಾಬಾಯಿಯ ಮಡಿ ಸೀರೆಗಳ ಟ್ರಂಕಿನಲ್ಲಿ ಇಡಿಸಿದರು. ಸ್ನಾನ ಮಾಡದೆ ಆ ಟ್ರಂಕನ್ನು ಆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಸ್ನಾನ ಮಾಡಿದ ಮೇಲೂ ಕೃಷ್ಣಾಬಾಯಿಯ ಹೊರತು ಯಾರೂ ತೆಗೆಯುವುದಿಲ್ಲ. ಸೈನ್ಯದವರಿಗೆ ಇಂಥದ್ದೊಂದು ತಿಜೋರಿ ಹೊಳೆದಿರಲಿಲ್ಲ ಎಂದು ರಾಯರು ಬೀಗಿದರು. ಎಲ್ಲಿಟ್ಟಿದ್ದಾರೆಂದು ಮಗಳಿಗೆ ಹೇಳಲಿಲ್ಲ. ಹಾಗೆ ಹೇಳುವ ಪದ್ಧತಿಯೇ ಇಲ್ಲವಂತೆ.

ನೌಕರಿಯ ಕಾಲದಲ್ಲಿ ಸೈಕಲ್ಲು, ಲೋಕಲ್ ರೈಲು ಬಿಟ್ಟರೆ ಬೇರೆ ವಾಹನ ಕಾಣದ ಮನುಷ್ಯ ಅವರು. ಡ್ರೈವಿಂಗ್ ಕಲಿತದ್ದೇ ತಲೆ ಪೂರ್ತಿ ಬೆಳ್ಳಗಾದ ಮೇಲೆ. ಆದರೆ ಆ ಕಾರು ಬಂದ ಮೇಲೆ ಅವರ ಬೆನ್ನು ನೆಟ್ಟಗಾಯಿತು. ಕೃಷ್ಣಾಬಾಯಿಯನ್ನು ಭಜನಾ ಮಂಡಳಿಗೆ ಬಿಡುವುದು, ಕರೆದುಕೊಂಡು ಬರುವುದು, ತರಕಾರಿ ತರುವುದು. ಗುರುವಾರ ಬಂತೆಂದರೆ ದೇಹೂ ರೋಡಿಗೆ ಹೋಗಿ, ತಮ್ಮ ಜೊತೆ ಕೆಲಸ ಮಾಡಿದ ಅವ್ವಣ್ಣನನ್ನು ಕೂಡಿಸಿಕೊಂಡು ಹೈವೇ ಪಕ್ಕದ ಹೋಟೆಲಿನಲ್ಲಿ ಮಿಸಳ ತಿಂದು ಚಹಾ ಕುಡಿಯುವುದು. ಅವ್ವಣ್ಣನ ಕಣ್ಣುಗಳು ಮಂಜಾಗಿವೆ, ಒಬ್ಬನೇ ಎಲ್ಲಿಗೂ ಹೋಗಲಾರ. "ನನ್ನ ಕಣ್ಣ ನೀನ ಆಗೀಯಪಾ" ಎಂದು ಅವ್ವಣ್ಣ ಅಂದಾಗ ರಾಯರಿಗೆ ಮಿಸಳದ ಖಾರವೂ ಸಿಹಿಯೆನಿಸುತ್ತಿತ್ತು. ಇಡೀ ವಾರ ಆ ಗುರುವಾರಕ್ಕಾಗಿಯೇ ಅವರು ಬದುಕುತ್ತಿದ್ದರು ಎಂದರೆ ತಪ್ಪಾಗದು.

ಫೋನಿನ ಚಾವಿ ಆಗೀಗ ಕೈ ಕೊಡುತ್ತಿದ್ದದ್ದೂ ನಿಜ. ಒಮ್ಮೆ ಬ್ಲೂಟೂತ್ ಆರಿಹೋಗಿತ್ತು, ಇನ್ನೊಮ್ಮೆ ಫೋನೇ ಸತ್ತುಬಿದ್ದಿತ್ತು. ರಾಯರು ಕಾರಿನ ಪಕ್ಕ ನಿಂತು ಫೋನನ್ನು ಗಾಜಿಗೆ ತಾಗಿಸುತ್ತ, ಮುಖಕ್ಕೆ ಹಿಡಿಯುತ್ತ ಇದ್ದರೆ ಕಾವಲುಗಾರ ದೂರದಿಂದ ನೋಡುತ್ತಿದ್ದ. ಆದರೂ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು.

ಒಂದು ಭಾನುವಾರ ಅಪ್ಪ ಮಗಳು ಇಬ್ಬರೇ ಪೇಟೆಗೆ ಹೋಗಿದ್ದರು. ರಾಯರೇ ನಡೆಸುತ್ತಿದ್ದರು. ಸ್ಟೇಷನ್ ಚೌಕದಲ್ಲಿ ಕಾರು ಕಿರ್ರೆಂದು ಕೂಗಿ ಗಕ್ಕನೆ ನಿಂತಿತು. ಇಬ್ಬರೂ ಮುಂದಕ್ಕೆ ಮುಗ್ಗರಿಸಿದರು.

"ಬ್ರೇಕ್ ಭಾಳ ಬಿಗಿ ಆಗ್ಯಾವ. ಸರ್ವಿಸಿನವ್ರಿಗೆ ಹೇಳು" ಎಂದರು ರಾಯರು.

ಶರ್ವರಿ ತಿರುಗಿ ಎಡಗಡೆಯ ರಸ್ತೆಯನ್ನೇ ನೋಡುತ್ತಿದ್ದಳು. ಮನೆ ಮುಟ್ಟುವತನಕ ಅವಳು ಮಾತಾಡಲಿಲ್ಲ, ಅದನ್ನು ರಾಯರು ಗಮನಿಸಲಿಲ್ಲ.

ಮುಂದಿನ ಗುರುವಾರ ಕಾರಿನ ಬಾಗಿಲು ತೆರೆಯಲಿಲ್ಲ. ರಾಯರು ಬ್ಲೂಟೂತ್ ಆರಿಸಿದರು, ಹಚ್ಚಿದರು. ಫೋನು ಬಂದ್ ಮಾಡಿ ಚಾಲೂ ಮಾಡಿದರು. ಆ್ಯಪ್ ತೆರೆದರೆ ಅದರಲ್ಲಿ ಕಾರಿನ ಚಿತ್ರವೇ ಇಲ್ಲ. ಮಗಳ ಆಫೀಸಿಗೆ ಫೋನು ಮಾಡಿದರು.

"ಅಪ್ಪಾ, ಸರ್ವರ್ ಪ್ರಾಬ್ಲೆಮ್ ಅದ. ಭಾಳ ಮಂದಿಗೆ ಹಂಗ ಆಗ್ಯದಂತ" ಎಂದಳು ಶರ್ವರಿ. "ಸರಿ ಆಗೋತನಕ ಆಟೋದಾಗ ಹೋಗ್ರಿ."

ಅವ್ವಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ. ಲೋಕಲ್ಲಿನಲ್ಲಿ ಹೋದರೂ ಅವನನ್ನು ಹೈವೇತನಕ ನಡೆಸಿಕೊಂಡು ಹೋಗುವಂತಿರಲಿಲ್ಲ. ಬರಲಾಗುವುದಿಲ್ಲ ಎಂದು ರಾಯರು ಫೋನಿನಲ್ಲಿ ಹೇಳಿದಾಗ, "ಇರ್ಲಿ ಬಿಡಪಾ, ಮುಂದಿನ ವಾರ ಐತಲ್ಲ" ಎಂದ. ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರವೂ.

ಈಗ ರಾಯರಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು. ಲಿಫ್ಟಿನಲ್ಲಿ, ಹಾಲಿನ ಅಂಗಡಿಯಲ್ಲಿ, ವಾಕಿಂಗಿನ ಕಟ್ಟೆಯ ಮೇಲೆ, ಸಿಕ್ಕವರಿಗೆಲ್ಲ ಮರಾಠಿಯಲ್ಲಿ ಫೋನಿನ ಚಾವಿಯ ಮಾನ ಕಳೆದರು. ಬೆಂಗಳೂರಿನಲ್ಲೆಲ್ಲೋ ಒಂದು ಮಷಿನ್ನು ಕೆಮ್ಮಿದರೆ ತಳೇಗಾಂವದಲ್ಲಿ ನನ್ನ ಕಾರಿಗೆ ಜ್ವರ ಬರಬೇಕೇ ಎಂದು ಕೇಳಿದರು. ಕೇಳಿದವರು ತಲೆಯಾಡಿಸಿದರು, ಪೆಟ್ರೋಲ್ ಕಾರಿನವರು ಸ್ವಲ್ಪ ಜಾಸ್ತಿಯೇ ಆಡಿಸಿದರು.

"ಇಷ್ಟ ಒದರೋ ಬದ್ಲಿ ಆ ಗಂಟು ಬಿಚ್ಚಿ ಚಾವಿ ತಗೋರಿ. ನಿಮಗೇನ್ ಶಿಕ್ಷಾ ಆಗ್ತದೇನು?" ಎಂದರು ಕೃಷ್ಣಾಬಾಯಿ.

"ಚಹಾ ಕುಡಿಲಿಕ್ಕೆ ಹೋಗೋದು ಸಂಕಟ ಅಲ್ಲ" ಎಂದರು ರಾಯರು. ಆ ಮಾತು ಹೇಳುವಾಗ ಅವರಿಗೆ ಸಂಕಟವೇ ಆಗುತ್ತಿತ್ತು. ಆದರೂ ಟ್ರಂಕಿನ ಕಡೆ ನೋಡಲಿಲ್ಲ.

ಭಾನುವಾರ ಶರ್ವರಿ ಕಾರು ತೆಗೆದಾಗ ಅವಳ ಫೋನಿಗೆ ಬಾಗಿಲು ತೆರೆಯಿತು. "ನಿನಗ ಹೆಂಗ ತೆಗೀತು?" ಎಂದರೆ, "ನಂದು ಹೊಸಾ ಫೋನ್ ಅಪ್ಪಾ" ಎಂದಳು. ಆ ದಿನಗಳಲ್ಲಿ ಅವಳಿಗೆ ಮನೆ ಒಪ್ಪಮಾಡುವ ಗೀಳು ಹತ್ತಿತ್ತು. ಕಪಾಟುಗಳನ್ನು ಖಾಲಿ ಮಾಡಿ ಒರೆಸಿದಳು, ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿದಳು, ಅಪ್ಪನ ಮೇಜಿನ ಡ್ರಾಯರುಗಳನ್ನೂ ಬಿಡಲಿಲ್ಲ. ಹುಡುಗಿಗೆ ಕೊನೆಗೂ ಬುದ್ಧಿ ಬಂತು ಎಂದು ಕೃಷ್ಣಾಬಾಯಿ ಹಿಗ್ಗಿದರು.

ಕಾದು ಕಾದು ಬೇಸತ್ತ ರಾಯರು ಒಂದು ಶುಕ್ರವಾರ ಲೋಕಲ್ ಹಿಡಿದು ಚಿಂಚವಡದ ಕಡೆಯ ಸರ್ವಿಸ್ ಸೆಂಟರಿಗೆ ಹೋದರು. ಬಯ್ಯಬೇಕಾದ ಮಾತುಗಳನ್ನು ರೈಲಿನಲ್ಲೇ ಜೋಡಿಸಿಕೊಂಡಿದ್ದರು. ಕೌಂಟರಿನ ಹುಡುಗಿ ಅವರ ಫೋನು ತಗೊಂಡು ನೋಡಿದಳು, ತನ್ನ ಕಂಪ್ಯೂಟರಿನಲ್ಲೂ ನೋಡಿದಳು.

"ಕಾಕಾ, ಫೋನ್ ಠೀಕ್ ಆಹೇ" ಎಂದಳು, ಫೋನು ಸರಿಯಾಗಿಯೇ ಇದೆಯೆಂದು. ನಂತರ ದನಿ ತಗ್ಗಿಸಿ ಉಳಿದದ್ದನ್ನು ಹೇಳಿದಳು. ಸರ್ವರಿನಲ್ಲಿ ಏನೂ ತೊಂದರೆಯಾಗಿಲ್ಲ. ಈ ಫೋನಿಗೆ ಕೊಟ್ಟಿದ್ದ ಚಾವಿಯನ್ನು ಕಾರಿನ ಒಡೆಯರೇ ವಾಪಸು ತೆಗೆದುಕೊಂಡಿದ್ದಾರೆ.

ರಾಯರು ಥ್ಯಾಂಕ್ಸ್ ಹೇಳಿ ಹೊರಗೆ ಬಂದರು. ಜೋಡಿಸಿಕೊಂಡಿದ್ದ ಮಾತುಗಳು ಹಾಗೇ ಉಳಿದವು. ವಾಪಸು ಬರುವ ರೈಲಿನಲ್ಲಿ ಅವರಿಗೆ ಮೊದಲು ಆದದ್ದು ನಾಚಿಕೆ. ಹಾಲಿನ ಅಂಗಡಿಯವನ ಎದುರು ಕೂಡ ಆ ಫೋನಿಗೆ ಬೈದಿದ್ದರಲ್ಲ. ಸಿಟ್ಟು ಬಂದದ್ದು ಆಮೇಲೆ. ಉಗ್ರಾಣದಲ್ಲಿ ಯಾರಿಗಾದರೂ ಇನ್ನು ಚಾವಿ ಕೊಡಬಾರದು ಎಂದಾದರೆ ಸಾಹೇಬರು ಆ ಮನುಷ್ಯನನ್ನು ಕರೆಸಿ ಎದುರಿಗೇ ಹೇಳುತ್ತಿದ್ದರು. ಜವಾನನಿಗೂ ಸಿಗುತ್ತಿದ್ದ ಆ ಮರ್ಯಾದೆ ತಮಗೆ ಮಗಳಿಂದ ಸಿಗಲಿಲ್ಲ ಎಂಬುದು ಅವರನ್ನು ಚುಚ್ಚಿತು.

ಮನೆಗೆ ಬಂದವರೇ ಟ್ರಂಕು ತೆಗೆಯಲು ಹೇಳಿದರು. ಕೃಷ್ಣಾಬಾಯಿ ಹೊರಗೆ ಓಡಾಡಿ ಬಂದಿದ್ದರು. "ಈಗ ಹೆಂಗ ಮುಟ್ಟಲಿ? ನಾಳೆ ಸ್ನಾನ ಆದಮ್ಯಾಲ ತಗೀತೀನ್ರಿ" ಎಂದರು. ಹೀಗಾಗಿ ರಾಯರ ಸಿಟ್ಟು ಮರುದಿನದ ಸ್ನಾನದ ತನಕ ಕಾಯಬೇಕಾಯಿತು. ಬೆಳಗಾಗುವಷ್ಟರಲ್ಲಿ ಅದು ಅರ್ಧ ಆರಿತ್ತು.

ಶನಿವಾರ ಶರ್ವರಿಗೆ ರಜೆ. ಚಹಾ ಕುಡಿಯುತ್ತಿದ್ದವಳ ಎದುರು ರಾಯರು ಗಂಟನ್ನು ಇಟ್ಟರು.

"ಮುದ್ರಿ ನೋಡು."

ಅವಳು ಗಂಟು ನೋಡಿದಳು, ಅಪ್ಪನ ಮುಖ ನೋಡಿದಳು. ಎಲ್ಲ ತಿಳಿದಿದೆ ಎಂಬುದು ಅವಳಿಗೆ ಆಗಲೇ ಗೊತ್ತಾಯಿತು.

"ಎಲ್ಲಿತ್ತು ಇದು? ಮನಿ ಎಲ್ಲಾ ಹುಡುಕೀನಿ ನಾ" ಎಂದಳು.

"ಒಡೆದದ ಏನು?"

"ಇಲ್ಲ."

"ಯಾವತ್ತ ಬೇಕಾದ್ರೂ ಒಡೀಬಹುದಿತ್ತು. ಒಡೀಲಿಲ್ಲ. ನೀ ಯಾಕ ಫೋನಿನ ಮ್ಯಾಲ ಹಾಕಿದಿ? ಬ್ಯಾಡ ಅನ್ನೋದಿದ್ರ ನನ್ನ ಮಾರಿ ನೋಡಿ ಹೇಳಬೇಕಿತ್ತು."

"ಹೇಳ್ಬೇಕಂತ ದಿನಾ ಅನ್ಕೊಂಡೆ ಅಪ್ಪಾ. ಬಾಯಿ ಬರ್ಲಿಲ್ಲ." ಅವಳು ಕಪ್ಪನ್ನು ಕೆಳಗಿಟ್ಟಳು. "ಆವತ್ತ ಸ್ಟೇಷನ್ ಚೌಕದಾಗ ಬ್ರೇಕ್ ನೀವು ಹಾಕ್ಲಿಲ್ಲ. ಕಾರ ತಾನ ಹಾಕ್ತು. ಎಡಕ್ಕಿಂದ ಒಬ್ಬಾಕಿ ಹೆಣ್ಮಗಳು ಸ್ಕೂಟಿ ಮ್ಯಾಲ ಬಂದ್ಲು. ಮುಂದ ಸಣ್ಣ ಕೂಸು ನಿಂತಿತ್ತು. ಇಷ್ಟ ಅಂತರ ಇತ್ತು." ಅವಳು ಕಪ್ಪಿಗೂ ಗಂಟಿಗೂ ನಡುವಿನ ಜಾಗ ತೋರಿಸಿದಳು.

ರಾಯರು ಆ ಜಾಗವನ್ನು ನೋಡಿದರು. ಆ ಭಾನುವಾರವನ್ನು ನೆನೆಸಿಕೊಂಡರು. ಚೌಕ ನೆನಪಾಯಿತು, ಕಾರು ಕೂಗಿದ್ದು ನೆನಪಾಯಿತು, ಬ್ರೇಕಿನ ಮೇಲೆ ತಮಗೆ ಬಂದ ಸಿಟ್ಟು ನೆನಪಾಯಿತು.

"ಯಾವ ಹೆಣ್ಮಗಳು?" ಎಂದರು.

ವಾದಕ್ಕಾಗಿ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಕೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಒಳಗೆ ದೇವರ ಮುಂದೆ ಕೂತಿದ್ದ ಕೃಷ್ಣಾಬಾಯಿಯ ಮಂತ್ರ ನಿಂತಿತು.

ರಾಯರು ಗಂಟನ್ನು ಮಗಳ ಕಡೆ ಸರಿಸಿದರು. "ತಗೋ. ಇದು ನಿನ್ನ ಹತ್ರ ಇರ್ಲಿ."

ಅವಳು ಅದನ್ನು ತಿರುಗಿ ಅವರ ಕಡೆಗೇ ತಳ್ಳಿದಳು. "ನಿಮ್ಮ ಹತ್ರಾನ ಇರ್ಲಿ ಅಪ್ಪಾ. ನನ್ನ ಫೋನ್ ಕೈ ಕೊಟ್ರ ನಾ ಯಾರನ್ನ ಕೇಳ್ಲಿ?"

ಗಂಟು ಮತ್ತೆ ಟ್ರಂಕು ಸೇರಿತು. ರಾಯರು ಕೆಲವು ದಿನ ಕಟ್ಟೆಯ ಕಡೆ ಹೋಗಲಿಲ್ಲ. ಫೋನಿನ ಚಾವಿ ಸರಿಯಾಯಿತೇ ಎಂದು ಲಿಫ್ಟಿನಲ್ಲಿ ಯಾರೋ ಕೇಳಿದಾಗ, ಫೋನಿನದೇನೂ ತಪ್ಪಿರಲಿಲ್ಲ ಎಂದಷ್ಟೇ ಹೇಳಿದರು. ಅವ್ವಣ್ಣನಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು. ಅವ್ವಣ್ಣ, "ಹಂಗಾರ ನಾನೂ ನೀನೂ ಒಂದ ಆದ್ವಿ ಬಿಡು" ಎಂದ.

ಮಳೆಗಾಲದಲ್ಲಿ ಶರ್ವರಿಯ ಫೋನು ಕೊಡೆಯ ಜೊತೆ ನೀರಿಗೆ ಬಿತ್ತು. ಆ ದಿನ ಗುರುವಾರ, ಅವಳು ರಜೆ ಹಾಕಿದ್ದಳು, ದೇಹೂ ರೋಡಿಗೆ ತಾನೇ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದಳು. ಅತ್ತ ಅವ್ವಣ್ಣ ಆಗಲೇ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಅವಳು ಬಂದು ಅಪ್ಪನ ಎದುರು ಕೈ ಚಾಚಿ ನಿಂತಳು. ರಾಯರು ಹೆಂಡತಿಯನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಅರಗು ಒಡೆದು, ಹೊಲಿಗೆ ಬಿಚ್ಚಿ, ಚಾವಿಯನ್ನು ಮಗಳ ಅಂಗೈಯಲ್ಲಿಟ್ಟರು. ಗುಂಡಿ ಒತ್ತಿದ ಕೂಡಲೇ ಕೆಳಗೆ ಕಾರಿನ ದೀಪಗಳು ಮಿನುಗಿದವು.

ಕಾರಿನ ಬಳಿ ಬಂದಾಗ ರಾಯರ ಕಾಲುಗಳು ರೂಢಿಯಂತೆ ಬಲಗಡೆಯ ಬಾಗಿಲಿಗೇ ಹೋದವು. ಹಿಡಿಕೆಯ ಮೇಲೆ ಕೈಯನ್ನೂ ಇಟ್ಟರು. ಶರ್ವರಿ ಮಳೆಯಲ್ಲೇ ನಿಂತು ಕಾದಳು. ಅವರು ಕೈ ತೆಗೆದು, ಸುತ್ತುಹಾಕಿ ಬಂದು ಎಡಗಡೆ ಕೂತರು.

ಸ್ಟೇಷನ್ ಚೌಕ ಬಂತು. ಶರ್ವರಿ ಆಗಲೇ ವೇಗ ತಗ್ಗಿಸಿದ್ದಳು. ರಾಯರು ಗಾಜಿನ ಮೇಲಿನ ಆವಿಯನ್ನು ಅಂಗೈಯಿಂದ ಒರೆಸಿ ಹೊರಗೆ ಬಗ್ಗಿ ನೋಡುತ್ತಿದ್ದರು.

"ತಡಿ, ಎಡಕ್ಕ ಒಬ್ಬಾಕಿ ಬರ್ಲಿಕತ್ತಾಳ" ಎಂದರು.

"ನೋಡೀನಿ ಅಪ್ಪಾ" ಎಂದಳು ಶರ್ವರಿ.

ಆ ಹೆಂಗಸು ದಾಟಿ ಹೋಗುವತನಕ ರಾಯರು ಕಣ್ಣು ತೆಗೆಯಲಿಲ್ಲ.