ಮಾವ ಕಂಡ ಜೋಡಿ ಅಚ್ಚು

ನಮ್ಮ ಮಾವನವರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ನಾಣ್ಯದ ಮುಖ ಮರೆಯುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದು, "ಯಾರು ಬೇಕಿತ್ತಮ್ಮಾ?" ಎಂದು ನನ್ನನ್ನೇ ಕೇಳಿದ ಮಹಾನುಭಾವರು.

ಹಳೆಯ ನಾಣ್ಯಗಳ ಅಂಗಡಿಯಲ್ಲಿ ಕಿಟಕಿಯ ಪಕ್ಕದ ಮೇಜು ಅವರದು. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು, ಬಲಗಣ್ಣಿಗೆ ಭೂತಗನ್ನಡಿ ಒತ್ತಿಕೊಂಡು, ಎಷ್ಟು ಸವೆದಿದೆ, ಯಾರಾದರೂ ಉಜ್ಜಿ ಕೆಡಿಸಿದ್ದಾರೆಯೇ, ಟಂಕಸಾಲೆಯಲ್ಲಿ ಅಚ್ಚು ತಪ್ಪಿದೆಯೇ ಎಂದು ನೋಡಿ ದರ್ಜೆ ಹೇಳುವುದು ಕೆಲಸ. ಅಚ್ಚು ತಪ್ಪಿದ ನಾಣ್ಯಕ್ಕೆ ಜನ ಮುಗಿಬೀಳುತ್ತಾರೆ. ನಾವು ತಪ್ಪು ಮಾಡಿದರೆ ಬೈಗುಳ, ನಾಣ್ಯ ತಪ್ಪಾಗಿ ಹುಟ್ಟಿದರೆ ಮೆರವಣಿಗೆ! ಮಾವ ಒಮ್ಮೆ ಹೇಳಿದರೆಂದರೆ ಆ ಬೀದಿಯಲ್ಲಿ ಎರಡು ಮಾತಿಲ್ಲ. ಅವರ ಆಸ್ತಿಯೆಂದರೆ ಅದೊಂದೇ.

ಹೋದ ತಿಂಗಳು ನಮ್ಮ ಬೀದಿಯ ದರ್ಜಿಯಣ್ಣ ತನ್ನ ತಂದೆಯ ಪೆಟ್ಟಿಗೆಯಲ್ಲಿ ಸಿಕ್ಕ ನಾಣ್ಯ ತಂದ. ಇಸವಿಯ ಅಂಕಿಗಳ ಬಲಕ್ಕೆ ಅದೇ ಅಂಕಿಗಳು ಇನ್ನೊಮ್ಮೆ ತೆಳ್ಳಗೆ ಮೂಡಿದ್ದು ಮಾವನಿಗೆ ಕಂಡಿತು. "ಜೋಡಿ ಅಚ್ಚು! ಬಹಳ ಅಪರೂಪ" ಎಂದುಬಿಟ್ಟರು. ದರ್ಜಿಯಣ್ಣ ಊರಿಗೆಲ್ಲ ಡಂಗುರ ಸಾರಿದ.

ಕೆಲವು ದಿನಗಳಲ್ಲೇ ಅಂಗಡಿಯಲ್ಲಿ ಇನ್ನೊಂದು ಜೋಡಿ ಅಚ್ಚು ಕಣ್ಣಿಗೆ ಬಿತ್ತು. ಆಮೇಲೆ ಮತ್ತೊಂದು. ಮಾವ ಯಾರಿಗೂ ಹೇಳದೆ ಮನೆಗೆ ಬಂದವರು, ನನ್ನ ಪರ್ಸಿನಿಂದ ಒಂದು ಚಿಲ್ಲರೆ ಕಾಸು ಇಸಿದುಕೊಂಡು ನೋಡಿದರು. ಅದರಲ್ಲೂ ಜೋಡಿ ಅಂಕಿ! ನಾಣ್ಯವನ್ನು ತಲೆಕೆಳಗು ಮಾಡಿದರು. ಆ ತೆಳು ಅಂಕಿ ನಾಣ್ಯದ್ದೇ ಆಗಿದ್ದರೆ ಅದರ ಜೊತೆಗೇ ತಿರುಗಿ ಎಡಕ್ಕೆ ಬರಬೇಕಿತ್ತು. ಹೇಗೆ ತಿರುಗಿಸಿದರೂ ಅದು ಬಲಕ್ಕೇ ನಿಂತಿತ್ತು. ತಪ್ಪಿದ್ದದ್ದು ಅವರ ಕಣ್ಣಿನಲ್ಲಿ.

"ಪೊರೆ ಬಂದಿರುತ್ತೆ, ಡಾಕ್ಟರು ತೆಗೀತಾರೆ. ಅದಕ್ಕೆ ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀರಿ?" ಎಂದರು ಅತ್ತೆ.

"ಕಣ್ಣು ಸರಿ ಮಾಡ್ತಾರೆ. ಆ ದರ್ಜಿಗೆ ಆಡಿದ ಮಾತು?"

"ಸುಮ್ನಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಗಿ ಒಪ್ಪಿಕೊಂಡರೆ ನಾಳೆಯಿಂದ ಯಾರೂ ತಮ್ಮ ಮುಂದೆ ನಾಣ್ಯ ಇಡುವುದಿಲ್ಲ ಎಂಬ ಭಯ ಅವರಿಗೆ. ನನಗೂ ಅದೇ ಭಯ. ಆದರೂ ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೊರಟರು. ಜೊತೆಗೆ ನಾನೂ ಹೋದೆ.

ದರ್ಜಿಯಣ್ಣ ಹೊಲಿಗೆ ನಿಲ್ಲಿಸಿ, ಬಟ್ಟೆಯ ರಾಶಿ ಸರಿಸಿ ಸ್ಟೂಲು ಕೊಟ್ಟ. ಮಾವ ಕೂರಲಿಲ್ಲ. ಅವನ ನಾಣ್ಯ ಕೇಳಿ ಪಡೆದು, ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು.

"ಇದು ಸಾಮಾನ್ಯ ನಾಣ್ಯ ಕಣಪ್ಪ. ತಪ್ಪು ನನ್ನ ಕಣ್ಣಿಂದು. ಕ್ಷಮಿಸು."

ದರ್ಜಿಯಣ್ಣನ ಮುಖ ಪೆಚ್ಚಾಯಿತು. "ಅಯ್ಯೋ, ಬೀಗರಿಗೂ ಹೇಳಿಬಿಟ್ಟಿದ್ದೀನಲ್ಲ ಯಜಮಾನ್ರೇ!"

ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಮಾವ ತಲೆ ತಗ್ಗಿಸಿ, "ಬೇರೆ ಯಾರಿಗಾದರೂ ತೋರಿಸು, ವಿಳಾಸ ಕೊಡ್ತೀನಿ" ಎಂದರು.

ದರ್ಜಿಯಣ್ಣ ನಾಣ್ಯವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದನ್ನು ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

"ಸಾಮಾನ್ಯ ಅಂತ ಈಗ ಹೇಳಿದ್ರಲ್ಲ, ಅದನ್ನೂ ಅದೇ ಕಣ್ಣಲ್ಲಿ ನೋಡಿ ತಾನೇ ಹೇಳಿದ್ದು? ಮೊದಲು ವಾಸಿ ಮಾಡಿಸಿಕೊಂಡು ಬನ್ನಿ. ಇನ್ನೊಂದ್ಸಲ ನೀವೇ ನೋಡಿ ಹೇಳಿ. ಅಲ್ಲೀವರೆಗೂ ನಾನು ಯಾರಿಗೂ ತೋರಿಸಲ್ಲ."

ಮಾವ ಆಗ ಸ್ಟೂಲಿನ ಮೇಲೆ ಕೂತರು.