ಖಾಸಿಂಸಾಬನ ಹಳೇ ಡ್ಯುಯಲ್ ಕೋರ್

ಲಕ್ಷ್ಮೇಶ್ವರದ ಬಜಾರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಖಾಸಿಂಸಾಬನ ಹಳೇ ಡ್ಯುಯಲ್ ಕೋರ್ ಕಂಪ್ಯೂಟರಿನ ಬಟನ್ ಒತ್ತಿ ಚಹಾ ಕುಡಿದು ಬಂದರೂ ಅದಿನ್ನೂ ಆಕಳಿಸುತ್ತಿರುತ್ತದೆ. ಟೈಪಿಂಗಿಗೆ ಚಲೋ, ಪ್ರಿಂಟಿಗೆ ಅಡ್ಡಿಯಿಲ್ಲ, ವಿಡಿಯೋ ಹಚ್ಚಿದರೆ ಮಾತ್ರ ಹಿಟ್ಟಿನ ಗಿರಣಿ. ಗೊಣಗಿದವರಿಗೆ, "ಎರಡೆತ್ತಿನ ಗಾಡಿ ಐತ್ರಿ, ಬಾರಕೋಲ ಬೀಸಿದರ ವಿಮಾನ ಆಕೈತೇನು? ಕುಂಡ್ರಿ" ಅನ್ನುತ್ತಾನೆ. ಮಗಳು ನಿಶಾತ ಹೊಸದನ್ನು ತಂದಿಟ್ಟ ಮೇಲೆ ಪಹಣಿ, ಬೆಳೆವಿಮೆ ಎಲ್ಲ ಚಿಟಿಕೆ ಹೊಡೆಯುವುದರೊಳಗೆ ಮುಗಿಯುತ್ತವೆ. ಆದರೂ ಹಳೇದು ಗುಜರಿಗೆ ಹೋಗಿಲ್ಲ. ಯಾರಾದರೂ ಮರಣ ಪ್ರಮಾಣಪತ್ರಕ್ಕೆ ಬಂದರೆ ಖಾಸಿಂಸಾಬ ಅದರ ಬಟನ್ನನ್ನೇ ಒತ್ತುತ್ತಾನೆ. ಮೊನ್ನೆ ಶಿಗ್ಲಿಯ ಗದಿಗೆವ್ವ, ಜನ್ಮದಲ್ಲಿ ಬಾಯಿಬಿಟ್ಟು ಹೇಳದ ಗಂಡನ ಹೆಸರು ಹೇಳಬೇಕಾಗಿ ಬಂದು ಬಿಕ್ಕಿದಾಗ, ಅವನು ಪರದೆ ನೋಡುತ್ತಲೇ ಅಂದ: "ಅತ್ತುಬಿಡು ಯವ್ವಾ, ಇದು ಚಾಲೂ ಆಗಾಕ ಇನ್ನೂ ಹೊತ್ತೈತಿ."